ಕಣ್ಣು ಬಿಡಿಸುತ್ತಿದ್ದ ಫೋಟೋ ಕಾಕಾ

ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಹುಳಿ ವಾಸನೆ. ಕೆಟ್ಟ ಮಜ್ಜಿಗೆಯ ಹುಳಿಯಲ್ಲ, ಹುಣಸೆಯದೂ ಅಲ್ಲ. ಹಳೆಯ ಫೋಟೋ ಫಿಲ್ಮು ವರ್ಷಗಟ್ಟಲೆ ಗಾಳಿಯಾಡದ ಜಾಗದಲ್ಲಿ ಬಿದ್ದಿದ್ದರೆ ಹೀಗೆ ನಾರುತ್ತದೆ. ನಮ್ಮ ಮನೆಯಾಕೆಗೆ ಇದೆಲ್ಲ ಎಲ್ಲಿಂದ ಗೊತ್ತಿರಬೇಕು? "ಅಟ್ಟದಾಗ ಇಲಿ ಸತ್ತಾದ ನೋಡ್ರಿ, ಮೊದ್ಲ ಹೊರಗ ಒಯ್ರಿ ಅದನ್ನ" ಎಂದು ಮೂಗಿಗೆ ಸೆರಗು ಹಿಡಿದುಕೊಂಡು ಹೋದಳು. ನಾನು ಮಾತ್ರ ಆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತವನು ಏಳಲೇ ಇಲ್ಲ.

ಹುಮನಾಬಾದಿನಲ್ಲಿ ನಾನು ಮೂವತ್ತೈದು ವರ್ಷ ಟೈಪಿಂಗ್ ಕ್ಲಾಸು ನಡೆಸಿದವನು. ಈಗ ಟೈಪಿಂಗ್ ಯಾರಿಗೂ ಬೇಡ. ಕ್ಲಾಸು ಮುಚ್ಚಿ, ಉಳಿದ ಸಾಮಾನನ್ನೆಲ್ಲ ಮನೆಯ ಅಟ್ಟಕ್ಕೆ ಏರಿಸಿದ್ದೆ. ಮೊನ್ನೆ ಸುಣ್ಣ ಬಳಿಯುವವರು ಬರುತ್ತಾರೆಂದು ಅಟ್ಟ ಖಾಲಿ ಮಾಡುವಾಗ ಈ ಪೆಟ್ಟಿಗೆ ಸಿಕ್ಕಿತು. ಒಳಗೆ ಒಂದು ಹಳೆಯ ಕಂಪ್ಯೂಟರ್, ಅದರ ವೈರುಗಳು, ಒಂದು ಕ್ಯಾಸೆಟ್ಟು, ಸುರುಳಿ ಸುತ್ತಿದ ಒಂದು ಫಿಲ್ಮು ಹಾಳೆ. ಆ ಫಿಲ್ಮನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಪೆನ್ಸಿಲ್ಲಿನಲ್ಲಿ ಗೀಚಿದ ಒಂದು ಹೆಂಗಸಿನ ಮುಖ. ಹಣೆ, ಮೂಗು, ತಲೆಯ ಮೇಲೆ ಸೆರಗು. ಕಣ್ಣಿದ್ದಲ್ಲಿ ಮಾತ್ರ ಎರಡು ಅಡ್ಡಗೆರೆ...

ನಮ್ಮ ಅವ್ವ. ಗೆರೆ ಎಳೆದವರು ಬಸವಕಲ್ಯಾಣದ ಫೋಟೋ ಕಾಕಾ.

ಕೋಟೆಯ ಕಡೆ ಹೋಗುವ ದಾರಿಯಲ್ಲಿ, ನಮ್ಮ ಅಕ್ಕನ ಗಂಡನ ಮನೆ ಇರುವ ಓಣಿಯ ಬಾಯಿಗೇ ಕಾಕಾನ ಸ್ಟುಡಿಯೋ ಇತ್ತು. ಎಲ್ಲರೂ ಫೋಟೋ ಕಾಕಾ ಅನ್ನುತ್ತಿದ್ದರು. ನಾನೂ ಹಾಗೇ ಅಂದೆ. ಸಣ್ಣ ಆಳು, ಬಿಳಿ ಪಾಯಿಜಾಮ, ಎದೆಯ ಜೇಬಿನಲ್ಲಿ ಸೂಜಿಯಷ್ಟು ಚೂಪಾಗಿ ಕೆತ್ತಿದ ನಾಲ್ಕೈದು ಪೆನ್ಸಿಲ್ಲು. ಇಡೀ ಆಯುಷ್ಯ ಒಂದೇ ಕಣ್ಣಿಗೆ ಭೂತಗನ್ನಡಿ ಒತ್ತಿ ಹಿಡಿದು ನೆಗೆಟಿವ್ ತಿದ್ದಿ ತಿದ್ದಿ ಅವರ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಾಗಿಬಿಟ್ಟಿತ್ತು. ಯಾವಾಗಲೂ ಅರ್ಧ ನಗುತ್ತಿರುವಂತೆ ಕಾಣುತ್ತಿತ್ತು ಆ ಕಣ್ಣು. ಮದುವೆಗೆ ಹೆಣ್ಣು ತೋರಿಸುವ ಫೋಟೋಗಳಲ್ಲಿ ಮೊಡವೆ ತೆಗೆಯುವುದು, ಕೆನ್ನೆ ತುಂಬುವುದು, ಇದೆಲ್ಲ ಅವರಿಗೆ ಚಿಲ್ಲರೆ ಕೆಲಸ. ಅವರ ಹೆಸರು ಹುಡಗಿ, ನಿರ್ಣಾ, ಮಂಠಾಳದಂಥ ಊರುಗಳ ತನಕ ಹೋದದ್ದು ಬೇರೆಯ ಕೆಲಸದಿಂದ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಹಣೆಗೆ ವಿಭೂತಿ, ಮೈಮೇಲೆ ಹೊಸ ಬಟ್ಟೆ, ಕೊರಳಿಗೆ ಹೂವಿನ ಮಾಲೆ. ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಳ್ಳದ ಮಂದಿ ಆಗ ಬಹಳ. ಹಾಗಾಗಿ ಮಣ್ಣಿಗೆ ಒಯ್ಯುವ ಮೊದಲು ಯಾರಾದರೂ ಓಡಿಹೋಗಿ ಕಾಕಾನನ್ನು ಕರೆತರುತ್ತಿದ್ದರು. ಕೂತ ಭಂಗಿಯ ಆ ಫೋಟೋದಲ್ಲಿ ಕಣ್ಣೊಂದು ಬಿಟ್ಟಂತೆ ಮಾಡಿದರೆ ಆಯಿತು, ಸ್ಟುಡಿಯೋಕ್ಕೆ ಬಂದು ತೆಗೆಸಿಕೊಂಡಂತೆಯೇ. ಮುಚ್ಚಿದ ರೆಪ್ಪೆಯನ್ನು ಕಾಕಾ ನೆಗೆಟಿವ್ ಮೇಲೆ ಬ್ಲೇಡಿನ ತುದಿಯಿಂದ ಕೆರೆದು, ಪೆನ್ಸಿಲ್ಲಿನಿಂದ ತುಂಬಿ, ಕಣ್ಣು ಬಿಡಿಸುತ್ತಿದ್ದರು. ಇದಕ್ಕೆ ಊರವರು ಇಟ್ಟ ಹೆಸರೂ ಅದೇ, ಕಣ್ಣು ಬಿಡಿಸೋದು.

ಆ ಕೆಲಸಕ್ಕೆ ಅವರದೊಂದು ಪದ್ಧತಿ ಇತ್ತು. ಮನೆಯವರನ್ನು ಮೊದಲು ಕೇಳುವರು, "ಇದ್ದಾಗ ಇವ್ರು ಯಾರನ್ನ ಭಾಳ ನೋಡ್ತಿದ್ರು?" ಹೆಂಡತಿಯೋ, ಮೊಮ್ಮಗಳೋ, ಯಾರ ಹೆಸರು ಬಂತೋ ಅವರನ್ನು ಕರೆಸಿ ತಮ್ಮ ಎದುರಿಗೆ ಸ್ಟೂಲಿನ ಮೇಲೆ ಕೂಡಿಸುತ್ತಿದ್ದರು. ಆ ಮುಖ ನೋಡುತ್ತ, ನೋಡುತ್ತ, ಸತ್ತವರ ಕಣ್ಣು ತಿದ್ದುತ್ತಿದ್ದರು. ಸುಮ್ಮನೆ ಬಿಟ್ಟ ಕಣ್ಣು ಬೆಪ್ಪಗಿರುತ್ತದೆ, ಯಾರನ್ನಾದರೂ ನೋಡುತ್ತಿರಬೇಕು, ಅದು ಅವರ ಹಟ. ಮತ್ತೊಂದು ಕಟ್ಟುನಿಟ್ಟು: ಕಣ್ಣು ಬಿಡಿಸಲು ಶುರು ಮಾಡಿದ ಮೇಲೆ ಮುಗಿಯುವ ತನಕ ಕೂತವರು ಏಳಬಾರದು, ಯಾರೂ ಮಾತಾಡಬಾರದು, ಕಾಕಾನೂ ಕೈ ಬೇರೆ ಕೆಲಸಕ್ಕೆ ಒಯ್ಯಬಾರದು. ನಡುವೆ ನಿಂತರೆ ಕಣ್ಣು ಅರ್ಧಕ್ಕೇ ನಿಲ್ಲುತ್ತದಂತೆ.

ಹುಡಗಿ ಊರಿನ ಒಬ್ಬ ರೈತನ ಮಕ್ಕಳು ಈ ಪ್ರಶ್ನೆಗೆ ತಲೆ ಕೆರೆದುಕೊಂಡು, "ನಮ್ಮಪ್ಪ ಯಾರನ್ನೂ ನೋಡ್ತಿರಲಿಲ್ರಿ ಕಾಕಾ. ಎಮ್ಮಿ ಒಂದ ನೋಡಾಂವ" ಅಂದರಂತೆ. ಬೇರೆಯವರಾಗಿದ್ದರೆ ನಕ್ಕು ಬಿಡುತ್ತಿದ್ದರು. ನಮ್ಮ ಕಾಕಾ ತಿದ್ದುವ ಮೇಜನ್ನೇ ಬಸ್ಸಿಗೆ ಏರಿಸಿಕೊಂಡು ಹುಡಗಿಗೆ ಹೋಗಿ, ದನದ ಕೊಟ್ಟಿಗೆಯಲ್ಲಿ ಎಮ್ಮೆಯ ಎದುರಿಗೆ ಕೂತು ಕೆಲಸ ಮುಗಿಸಿ ಬಂದರು. ಆ ಫೋಟೋ ನಾನೂ ನೋಡಿದ್ದೇನೆ. ಮುದುಕ ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಕೆಳಕ್ಕೆ, ಎಷ್ಟು ಸಮಾಧಾನದಿಂದ ನೋಡುತ್ತಿದ್ದಾನೆಂದರೆ, ಹಾಲು ಕರೆಯುವ ಹೊತ್ತಾಯಿತೇನೋ ಅನಿಸಬೇಕು.

ನಮ್ಮ ಅವ್ವ ಮಂಠಾಳದ ಮನೆಯಲ್ಲಿ ತೀರಿಕೊಂಡಾಗ ನನಗೆ ಮೂರು ವರ್ಷ, ಅಕ್ಕನಿಗೆ ಹತ್ತು. ಆ ದಿನ ಬಂದು ಫೋಟೋ ತೆಗೆದವರೂ ಇದೇ ಕಾಕಾ. ಕಣ್ಣು ಬಿಡಿಸುವ ಮಾತು ಬಂದಾಗ ಅಪ್ಪ ಬೇಡ ಅಂದನಂತೆ. "ಇದ್ದಷ್ಟ ದಿನಾ ದಣದಾಳ, ಮಲಗಾಕ ಬಿಡ್ರಿ ಆಕೀನ." ಹಾಗಾಗಿ ಅವ್ವನ ಒಂದೇ ಒಂದು ಫೋಟೋ, ಅದೂ ಕಣ್ಣು ಮುಚ್ಚಿದ್ದು, ಅಂಗೈಯಷ್ಟು ದೊಡ್ಡದು. ಅವ್ವ ಎಂದರೆ ನನಗೆ ಮುಚ್ಚಿದ ಎರಡು ರೆಪ್ಪೆ ಮಾತ್ರ. ಬೇರೆ ಏನೂ ನೆನಪಿರಲಿಲ್ಲ. ಗೆಳೆಯರ ತಾಯಂದಿರು ಬೈಯುವಾಗಲೂ ನನಗೆ ಹೊಟ್ಟೆಕಿಚ್ಚು ಆಗುತ್ತಿತ್ತು. ಕಣ್ಣು ಕೆಂಪಗೆ ಮಾಡಿಕೊಂಡಾದರೂ ಸರಿ, ಮಕ್ಕಳ ಕಡೆ ನೋಡುತ್ತಿದ್ದರಲ್ಲ...

ಅಪ್ಪ ಹೋದ ಮೇಲೆ, ನನಗೆ ಇಪ್ಪತ್ತಾರು ಇರಬೇಕು, ಆ ಫೋಟೋ ತೆಗೆದುಕೊಂಡು ಕಾಕಾನ ಸ್ಟುಡಿಯೋಕ್ಕೆ ಹೋದೆ. ಕಾಕಾ ಬಹಳ ಹೊತ್ತು ಅದನ್ನು ನೋಡಿದರು. ನೆಗೆಟಿವ್ ಯಾವತ್ತೋ ಗೆದ್ದಲು ಪಾಲಾಗಿತ್ತು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು ನನ್ನ ಮುಂದೆ ಹಿಡಿದರು. ಪೆನ್ಸಿಲ್ಲಿನ ತುದಿ ಗಾಳಿಗೆ ಸಿಕ್ಕ ಜೋಳದ ಗರಿಯಂತೆ ಅಲ್ಲಾಡುತ್ತಿತ್ತು.

"ನೋಡಿದ್ಯಾ? ಎರಡ ವರ್ಷಾತು, ಕೈ ನನ್ನ ಮಾತ ಕೇಳವಲ್ದು. ಇದ್ದದ್ದ ಒಂದ ಫೋಟೋ. ಜರಾ ತಪ್ಪಿತಂದ್ರ ನಿಮ್ಮವ್ವ ಪೂರಾ ಹೋದ್ಳು. ನನ್ನ ಕೈಲೆ ಆಗಂಗಿಲ್ಲೋ ಮಾಸ್ತರ."

ನಾನು ಟೈಪಿಂಗ್ ಕಲಿಸುತ್ತೇನೆಂದು ನನ್ನನ್ನು ಮಾಸ್ತರ ಎಂದು ಕಿಚಾಯಿಸುತ್ತಿದ್ದರು. ಆ ದಿನ ಕಿಚಾಯಿಸುವ ದನಿ ಇರಲಿಲ್ಲ. ಬಣ್ಣದ ಫೋಟೋಗಳು ಬಂದು ಅವರ ಕೆಲಸ ಆಗಲೇ ಕಡಿಮೆಯಾಗಿತ್ತು. ಕೈ ನಡುಗುವ ಸುದ್ದಿಯನ್ನು ಅವರು ಇನ್ನೂ ಯಾರಿಗೂ ಹೇಳಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಅದೇ ವರ್ಷ ನನ್ನ ಹತ್ತಿರ ಆ ಕಂಪ್ಯೂಟರ್ ಬಂತು. ಗಲ್ಫಿನಿಂದ ಊರಿಗೆ ಮರಳಿದ ಪರಿಚಯದವರೊಬ್ಬರು ಮಕ್ಕಳ ಆಟಕ್ಕೆಂದು ತಂದಿದ್ದರು. ಮಕ್ಕಳಿಗೆ ಬೇಸರ ಬಂದಿತ್ತು. ನನ್ನದೊಂದು ಟೈಪ್‌ರೈಟರ್ ಕೊಟ್ಟು ಅದನ್ನು ತೆಗೆದುಕೊಂಡೆ. ಈಗಿನವರಿಗೆ ತೋರಿಸಿದರೆ ಕಂಪ್ಯೂಟರ್ ಎಂದು ನಂಬಲಿಕ್ಕಿಲ್ಲ. ಬರೀ ಒಂದು ಕೀಲಿಮಣೆ, ಅಷ್ಟೇ. ಟಿವಿಗೆ ಒಂದು ವೈರು, ಟೇಪ್ ರೆಕಾರ್ಡರಿಗೆ ಒಂದು ವೈರು ಹಚ್ಚಬೇಕು. ಕ್ಯಾಸೆಟ್ಟು ಹಾಕಿ ಒತ್ತಿದರೆ ಕಿವಿ ಹರಿಯುವಂತೆ ಕಿರ್ರೆಂದು ಕೂಗುತ್ತ ಐದು ನಿಮಿಷಕ್ಕೆ ಒಂದು ಪ್ರೋಗ್ರಾಮು ಒಳಗೆ ಹೋಗುತ್ತಿತ್ತು. ಕ್ಯಾಸೆಟ್ಟುಗಳ ನಡುವೆ ಚಿತ್ರ ಬರೆಯುವುದೊಂದು ಇತ್ತು. ಅದರಲ್ಲಿ ಕಪ್ಪು, ಬಿಳಿ ಎರಡೇ. ಪರದೆಯ ತುಂಬ ಸಣ್ಣ ಸಣ್ಣ ಚೌಕದ ಚುಕ್ಕಿ. ಬೇಕಾದ ಭಾಗವನ್ನು ದೊಡ್ಡದು ಮಾಡಿಕೊಂಡರೆ ಒಂದೊಂದು ಚುಕ್ಕಿಯೂ ಕಡಲೆಕಾಳಿನಷ್ಟು ಕಾಣುತ್ತಿತ್ತು. ಬಾಣದ ಗುರುತಿನ ಕೀಲಿ ಒಮ್ಮೆ ಒತ್ತಿದರೆ ಒಂದೇ ಚುಕ್ಕಿ ಮುಂದಕ್ಕೆ. ಕೈ ಎಷ್ಟೇ ನಡುಗಲಿ, ಚುಕ್ಕಿ ನಡುಗುವುದಿಲ್ಲ. ತಪ್ಪಿದರೆ ಅಳಿಸಿದರಾಯಿತು.

ಇದು ಹೊಳೆದ ದಿನ ನಾನು ಕ್ಲಾಸಿಗೆ ಬೀಗ ಜಡಿದು ಬಸವಕಲ್ಯಾಣದ ಬಸ್ಸು ಹತ್ತಿದೆ. ಕಾಕಾ ನನ್ನ ವಿವರಣೆಯನ್ನೆಲ್ಲ ಕೇಳಿ, "ಟಿವಿದಾಗ ನಿಮ್ಮವ್ವನ ತೋರಸ್ತಿ ಅಂತಿ, ಹುಚ್ಚಪ್ಯಾಲಿ" ಎಂದು ನಕ್ಕರು. ಆದರೆ ಮುಂದಿನ ಐತವಾರ, ಕ್ಲಾಸಿಗೆ ರಜೆಯ ದಿನ, ಹತ್ತು ಗಂಟೆಗೆ ಹುಮನಾಬಾದಿನ ನನ್ನ ಕ್ಲಾಸಿನ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಊಟದ ಗಂಟು, ಕಂಕುಳಲ್ಲಿ ಕೂಡುವ ದಿಂಬು.

ಮೊದಲ ದಿನ ಯಂತ್ರದ ಮೇಲೆ ಅವರಿಗೆ ಸಿಟ್ಟೇ ಬಂತು. "ಇದರಾಗ ಬೂದಿ ಬಣ್ಣ ಇಲ್ಲೇನು? ಬರೇ ಕರೀದು ಬಿಳೀದು? ಮನಷ್ಯಾನ ಮಾರಿ ಬೂದಿ ಬಣ್ಣದಾಗ ಇರ್ತದೋ ಮಾಸ್ತರ!" ಆಮೇಲೆ ತಾವೇ ಕೂತು ಒಂದು ಬಿಳಿ, ಒಂದು ಕಪ್ಪು, ಒಂದು ಬಿಳಿ, ಒಂದು ಕಪ್ಪು ಎಂದು ಚುಕ್ಕಿ ಇಡುತ್ತ ಹೋದರು. ಅಂಗೈಯಗಲ ಆದ ಮೇಲೆ ಎದ್ದು ಬಾಗಿಲ ತನಕ ಹಿಂದೆ ಸರಿದು ನೋಡಿದರು. ಅಲ್ಲಿಂದ ಅದು ಬೂದಿ ಬಣ್ಣವಾಗಿತ್ತು. ಆ ಮನುಷ್ಯನ ಮುಖದಲ್ಲಿ ಅರಳಿದ ಸಂತೋಷ ಏನು ಹೇಳಲಿ! ಆಮೇಲೆ ದಿನವಿಡೀ ಒಂದು ಕಾಲು ಬಾಗಿಲಲ್ಲಿ, ಒಂದು ಕಾಲು ಟಿವಿಯ ಮುಂದೆ.

ಎರಡನೆಯ ಐತವಾರ ಕೇಳಿದರು, "ಇದನ್ನ ತಿರುವಾಕ ಬರ್ತದೇನು? ಕರೀದು ಬಿಳೀದು, ಬಿಳೀದು ಕರೀದು?" ಬರುತ್ತಿತ್ತು, ಒಂದೇ ಕೀಲಿ. ಒತ್ತಿ ತೋರಿಸಿದೆ. ಪರದೆ ತಿರುಗಿ ನೆಗೆಟಿವ್ ಆಯಿತು. "ಹಾಂ... ಈಗ ಇದು ನಮ್ಮ ಮನಿ" ಎಂದು ದಿಂಬು ಸರಿಮಾಡಿಕೊಂಡು ಕೂತರು. ಕೊನೆಯ ತನಕ ಅವರು ಅವ್ವನನ್ನು ತಿದ್ದಿದ್ದು ನೆಗೆಟಿವಿನಲ್ಲೇ, ಕಪ್ಪು ಮುಖ, ಬಿಳಿ ಕೂದಲು. ನನಗೆ ನೋಡಲು ಒಂಥರಾ ಭಯವಾಗುತ್ತಿತ್ತು. ಅವರು ಮಾತ್ರ ಹಾಗೇ ನೋಡಿ, ಅದು ನೆಟ್ಟಗೆ ಹೇಗಿದೆಯೆಂದು ಹೇಳಬಲ್ಲವರಾಗಿದ್ದರು.

ಫೋಟೋವನ್ನು ಯಂತ್ರದೊಳಗೆ ಇಳಿಸುವ ದಾರಿಯನ್ನೂ ಅವರೇ ಕಂಡುಹಿಡಿದರು. ಒಂದು ಹಳೆಯ ದೊಡ್ಡ ಫಿಲ್ಮನ್ನು ಸೋಡಾದ ನೀರಿನಲ್ಲಿ ತೊಳೆದು ಗಾಜಿನಂತೆ ಮಾಡಿ, ಅದರ ಮೇಲೆ ಅವ್ವನ ಮುಖವನ್ನು ಚೌಕ ಹಾಕಿ ದೊಡ್ಡದಾಗಿ ಗೀಚಿಕೊಂಡು ತಂದಿದ್ದರು. ಗೆರೆಗಳೆಲ್ಲ ಡೊಂಕು ಡೊಂಕು. ಅದನ್ನು ಟಿವಿಯ ಗಾಜಿಗೆ ಒತ್ತಿದರೆ ಚಟಚಟ ಎಂದು ತಾನೇ ಅಂಟಿಕೊಳ್ಳುತ್ತಿತ್ತು. ಅದರ ಕೆಳಗೆ ಗೆರೆ ಹಿಡಿದು ಚುಕ್ಕಿ ಇಡುವುದು, ಡೊಂಕನ್ನು ಅಲ್ಲೇ ನೆಟ್ಟಗೆ ಮಾಡುವುದು. ಒಂದು ಐತವಾರಕ್ಕೆ ಒಂದು ಕೆನ್ನೆ, ಇನ್ನೊಂದಕ್ಕೆ ಸೆರಗಿನ ಅಂಚು. ಮಧ್ಯಾಹ್ನ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದೆವು. ಸಂಜೆ ಹೋಗುವ ಮೊದಲು ಆ ದಿನದ ಕೆಲಸವನ್ನು ಕ್ಯಾಸೆಟ್ಟಿಗೆ ತುಂಬುತ್ತಿದ್ದೆ, ಇಲ್ಲದಿದ್ದರೆ ಯಂತ್ರ ಆರಿದ ಕೂಡಲೇ ಎಲ್ಲ ಅಳಿಸಿಹೋಗುತ್ತಿತ್ತು. ಕಿರ್ರೆನ್ನುವ ಆ ಸದ್ದಿಗೆ ಕಾಕಾ ಎರಡೂ ಕಿವಿ ಮುಚ್ಚಿಕೊಂಡು ಕೂಗಿ ಕೇಳುತ್ತಿದ್ದರು, "ಹೋದ್ಳೇನೋ ಒಳಗ? ಬರಾಬರ್ ನೋಡ್ಕೋ!"

ಹೀಗೆ ಏಳು ಐತವಾರ. ಎಂಟನೆಯದು ಕಣ್ಣಿನದು.

ಅದಕ್ಕೆ ಮೊದಲು ಕಾಕಾ ನಮ್ಮ ಅಕ್ಕನ ಮನೆಗೆ ಹೋಗಿ ತಮ್ಮ ಪ್ರಶ್ನೆ ಕೇಳಿ ಬಂದಿದ್ದರು. ಅಕ್ಕ ಕ್ಷಣವೂ ಯೋಚಿಸದೆ, "ಅವ್ವ ಇವನ್ನ ಬಿಟ್ಟು ಮತ್ತ್ಯಾರ್ನ ನೋಡ್ತಿದ್ಳರಿ? ನನ್ನ ಕಡಿ ಎಲ್ಲಿ ನೋಡ್ತಿದ್ಳು" ಅಂದಳಂತೆ. ಹಾಗಾಗಿ ಸ್ಟೂಲಿನ ಮೇಲೆ ಕೂಡುವವನು ನಾನೇ. ಟಿವಿಯ ಪಕ್ಕಕ್ಕೆ, ಕಾಕಾನ ಕಡೆ ಮುಖ ಮಾಡಿ ಕೂತೆ. ಪರದೆ ನನಗೆ ಕಾಣುತ್ತಿರಲಿಲ್ಲ. "ಆ ಕಡಿ ಹೊಳ್ಳಬ್ಯಾಡ. ನನ್ನ ನೋಡು, ಸಾಕು. ಮುಗದ ಮ್ಯಾಲ ನಾನ ಏಳು ಅಂತೀನಿ."

ಎಷ್ಟು ಹೊತ್ತಾಯಿತೋ. ಕಿಟಕಿಯ ಹೊರಗೆ ಮಧ್ಯಾಹ್ನದ ಬಿಸಿಲು, ಕೆಳಗಿನ ಪಾನ್ ಅಂಗಡಿಯ ರೇಡಿಯೋ. ಕಾಕಾ ಕೀಲಿ ಒತ್ತುವರು, ತಲೆಯೆತ್ತಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡುವರು, ಮತ್ತೆ ಒತ್ತುವರು. ಅಷ್ಟು ಹೊತ್ತು, ಅಷ್ಟು ಬಿಡದೆ, ನನ್ನ ಮುಖವನ್ನು ಯಾರೂ ಅದುವರೆಗೆ ನೋಡಿರಲಿಲ್ಲ. ನನಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು, ಆಮೇಲೆ ಏನೂ ಅನಿಸಲಿಲ್ಲ, ಸುಮ್ಮನೆ ಕೂತಿದ್ದೆ. ನಡುವೆ ಒಮ್ಮೆ ಕ್ಯಾಸೆಟ್ಟಿಗೆ ತುಂಬಿಕೊಳ್ಳೋಣ ಎಂದು ನಾಲಿಗೆ ತುದಿಗೆ ಬಂದಿತ್ತು. ಆ ಹೊತ್ತಿನಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ನಡುವೆ ಏಳಬಾರದು, ಮಾತಾಡಬಾರದು... ಬಾಯಿ ಮುಚ್ಚಿಕೊಂಡೆ.

ಕೊನೆಗೆ ಕಾಕಾ ತಿರುವುವ ಕೀಲಿ ಒತ್ತಿದರು. ಪರದೆಯ ಬಿಳುಪು ಅವರ ಮುಖದ ಮೇಲೆ ಬಿತ್ತು. ಒಂದು ಗಳಿಗೆ ನೋಡಿದರು. ನಗೆಯಲ್ಲಿ ಎಡಗಣ್ಣು ಪೂರಾ ಸಣ್ಣದಾಯಿತು. "ಬಾ... ಬಾ ಮಾಸ್ತರ, ಏಳೀಗ" ಅಂದರು.

ನಾನು ಎದ್ದೆ. ಒಂದು ಹೆಜ್ಜೆ ಇಟ್ಟಿರಬೇಕು. ಫ್ಯಾನು ನಿಂತಿತು. ಟಿವಿಯ ನಡುವೆ ಒಂದು ಬಿಳಿ ಚುಕ್ಕಿ ಉಳಿದು, ಅದೂ ಆರಿತು.

ನನ್ನ ಸಿಟ್ಟಿನ ಬಗ್ಗೆ ನಮ್ಮ ಮನೆಯಲ್ಲಿ ಕೇಳಿ, ಕತೆ ಹೇಳುತ್ತಾರೆ. ಆ ದಿನ ಸ್ಟೂಲನ್ನು ಒದ್ದೆ. ಕರೆಂಟಿನವರನ್ನು ಬೈದೆ, ಯಂತ್ರವನ್ನು ಬೈದೆ. ಕಾಕಾ ಕೂತಲ್ಲೇ ಕೂತಿದ್ದರು. ಅವರ ಮುಖದ ಮೇಲೆ ಇನ್ನೂ ಆ ನಗೆ ಪೂರ್ತಿ ಹೋಗಿರಲಿಲ್ಲ. ಮೆಲ್ಲಗೆ ಅಂದರು, "ನಾ ನೋಡೀನೋ. ಖರೇನ ಬಿಟ್ಟಿದ್ಳು. ನಿನ್ನ ಕಡೀನ ನೋಡಾಕತ್ತಿದ್ಳು."

ಅದಕ್ಕೆ ನಾನು ಏನಂದೆ ಗೊತ್ತೇ? "ನೀವ್ ನೋಡಿ ಏನ ಮಾಡೋದದರಿ? ಅವ್ವ ನಿಮಗೇನ ಆಗ್ಬೇಕು? ನಿಮ್ಮ ಹಾಳ ಪದ್ಧತೀನ ನನ್ನ ಕೆಡಿಸ್ತು."

ಕಾಕಾ ಫಿಲ್ಮನ್ನು ಟಿವಿಯಿಂದ ಬಿಡಿಸಿ ಸುರುಳಿ ಸುತ್ತಿ ಮೇಜಿನ ಮೇಲಿಟ್ಟರು. ದಿಂಬು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಹತ್ತಿರ ನಿಂತು, "ಮುಂದಿನ ಐತವಾರ ಮತ್ತ ಬರ್ತೀನಿ. ಈಗ ಕೈಗೆ ಗೊತ್ತಾಗ್ಯಾದ, ಲಗೂನ ಆಗ್ತದ" ಎಂದು ಮೆಟ್ಟಿಲು ಇಳಿದರು. ನಾನು ಬಸ್‌ಸ್ಟ್ಯಾಂಡಿನ ತನಕ ಹೋಗಲಿಲ್ಲ. ಪ್ರತಿ ವಾರ ಹೋಗಿ ಬಸ್ಸಿನಲ್ಲಿ ಕೂಡಿಸಿ ಬರುತ್ತಿದ್ದವನು ಆ ದಿನ ಕಿಟಕಿಯಿಂದಲೂ ನೋಡಲಿಲ್ಲ.

ಮುಂದಿನ ಐತವಾರ ಕ್ಲಾಸಿಗೆ ಬೀಗ ಹಾಕಿ ಗೆಳೆಯನೊಬ್ಬನ ಊರಿಗೆ ಹೋದೆ. ಕೆಲಸವೇನೂ ಇರಲಿಲ್ಲ, ಬೇಕೆಂದೇ ಹೋದೆ. ಸೋಮವಾರ ಪಾನ್ ಅಂಗಡಿಯವ ಹೇಳಿದ, "ನಿಮ್ಮ ಮುದುಕಪ್ಪ ಬಂದಿದ್ರಲ್ರಿ. ಮೆಟ್ಟಲ ಮ್ಯಾಲ ದಿಂಬ ಹಾಕ್ಕೊಂಡು ಕುಂತಿದ್ರು, ನಾಕರ ಬಸ್ಸಿಗೆ ಹೋದ್ರು. ರೊಟ್ಟಿ ನನಗೂ ಕೊಟ್ರು." ಈ ವಾರವೇ ಹೋಗಿ ಕಾಲು ಹಿಡಿಯಬೇಕು ಅಂದುಕೊಂಡೆ. ಆ ವಾರ ಟೈಪಿಂಗ್ ಪರೀಕ್ಷೆಯ ಫಾರ್ಮು ತುಂಬಿಸುವುದಿತ್ತು. ಅದರ ಮುಂದಿನ ವಾರ ಪರೀಕ್ಷೆಯೇ ಬಂತು. ಅದರ ಮುಂದಿನ ವಾರ... ನೆವಕ್ಕೇನು ಬರವೇ? ಅವರೇ ಬರಲಿ, ಬಂದೇ ಬರುತ್ತಾರೆ ಎನ್ನುವ ಹಮ್ಮು ಒಳಗಿತ್ತು, ಅದು ನಿಜ.

ಎರಡು ತಿಂಗಳ ಮೇಲೆ ಹೋದೆ. ಸ್ಟುಡಿಯೋದ ಬಾಗಿಲು ಹಾಕಿತ್ತು. ಹಿಂದಿನ ಮನೆಯಲ್ಲಿ ಕಾಕು, ಅವರ ಹೆಂಡತಿ, ಒಬ್ಬರೇ ಜೋಳ ಹಸನು ಮಾಡುತ್ತ ಕೂತಿದ್ದರು. ಕಾಕಾ ಹೋಗಿ ಹದಿನೈದು ದಿನವಾಗಿತ್ತಂತೆ. ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಅಕ್ಕ ಆ ದಿನಗಳಲ್ಲಿ ಮಂಠಾಳಕ್ಕೆ ಹೋಗಿದ್ದಳು, ನನಗೆ ಸುದ್ದಿ ಮುಟ್ಟಿಸುವವರು ಯಾರೂ ಇರಲಿಲ್ಲ. ಗೋಡೆಯ ಮೇಲೆ ಹೊಸ ಚೌಕಟ್ಟಿನಲ್ಲಿ ಕಾಕಾನ ಫೋಟೋ, ಅದಕ್ಕೊಂದು ಮಾಲೆ. ಇಡೀ ಊರಿನ ಫೋಟೋ ತೆಗೆದ ಮನುಷ್ಯನದು ಹುಡುಕಿದರೆ ಒಂದೇ ಸಿಕ್ಕಿತ್ತು. ಯಾವುದೋ ಮದುವೆಯ ಗುಂಪಿನಲ್ಲಿ ಬೇರೆ ಯಾರೋ ಹೊಡೆದದ್ದು. ಫ್ಲಾಶ್ ಬಿದ್ದ ಗಳಿಗೆಗೆ ಸರಿಯಾಗಿ ಕಾಕಾ ಕಣ್ಣು ಮುಚ್ಚಿಬಿಟ್ಟಿದ್ದರು.

ಕಾಕು ಅದನ್ನು ನೋಡಿ ಅಂದದ್ದು ಒಂದೇ ಮಾತು, "ಇವ್ರು ಇದ್ದಿದ್ರ ಈ ಕಣ್ಣ ಇವ್ರ ಬಿಡಿಸ್ತಿದ್ರು."

ನಾನು ಕಾಕಾನನ್ನು ಒಂದು ಮಾತು ಕೇಳಬೇಕಿತ್ತು. ಆ ದಿನ, ಕರೆಂಟು ಹೋದ ಆ ಕೋಣೆಯಲ್ಲೇ ಕೇಳಬೇಕಿತ್ತು. ಹೇಗಿದ್ದವು, ಕಾಕಾ? ದೊಡ್ಡವೇ, ಸಣ್ಣವೇ? ನಗುತ್ತಿದ್ದಳೇ? ಪರದೆಯ ಮೇಲೆ ಬಿಟ್ಟ ಆ ಕಣ್ಣನ್ನು ಅವರೊಬ್ಬರೇ ನೋಡಿದವರು, ಇಲ್ಲವೆನ್ನುತ್ತಿರಲಿಲ್ಲ, ರೊಟ್ಟಿ ತಿನ್ನುತ್ತ ಗಂಟೆಗಟ್ಟಲೆ ಹೇಳುತ್ತಿದ್ದರು. ನಾನು ಸ್ಟೂಲು ಒದೆಯುವುದರಲ್ಲಿದ್ದೆ. ಊರಿಗೆ ಬಂದು ಯಂತ್ರ, ಕ್ಯಾಸೆಟ್ಟು, ಫಿಲ್ಮು ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ಕಟ್ಟಿಟ್ಟೆ. ಆಮೇಲೆ ಕಂಪ್ಯೂಟರುಗಳು ಎಷ್ಟು ಬಂದವು, ಎಷ್ಟು ಹೋದವು. ಅವ್ವನ ಫೋಟೋ ಯಾರ ಕೈಗೂ ತಿದ್ದಲು ಕೊಡಲಿಲ್ಲ. ಈಗ ಗಳಿಗೆಯಲ್ಲಿ ಮಾಡಿಕೊಡುತ್ತಾರಂತೆ, ಎದುರಿಗೆ ಯಾರನ್ನೂ ಕೂಡಿಸದೆ. ನನಗೆ ಮನಸ್ಸು ಬರಲಿಲ್ಲ.

ಮೊನ್ನೆ ಆ ಪೆಟ್ಟಿಗೆಯನ್ನು ನಮ್ಮಲ್ಲಿಯ ಟಿವಿ ರಿಪೇರಿಯವರ ಹತ್ತಿರ ಒಯ್ದೆ. ಅವರು ನಕ್ಕರು, ಆಮೇಲೆ ಆಸೆ ಹುಟ್ಟಿ ನಾಲ್ಕು ದಿನ ಇಟ್ಟುಕೊಂಡು ಒಳಗಿನ ಸುಟ್ಟ ಸಾಮಾನು ಬದಲಿಸಿದರು, ಟೇಪ್ ರೆಕಾರ್ಡರಿಗೆ ಹೊಸ ಬೆಲ್ಟು ಹಾಕಿದರು. ಟಿವಿ ಮಾತ್ರ ಹಳೆಯದೇ ಬೇಕು ಅಂದರು. ಅಂಥದ್ದು ಇರುವುದು ಅಕ್ಕನ ಮನೆಯಲ್ಲಿ. ಅವಳು ಯಾವುದನ್ನೂ ಎಸೆಯುವವಳಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸವಕಲ್ಯಾಣಕ್ಕೆ ಹೋದೆ. ಕಾಕಾ ಒಂಬತ್ತು ಐತವಾರ ಬಂದ ದಾರಿ ಅದೇ, ಹಿಮ್ಮುಖವಾಗಿ. ಈಗ ಸ್ಟುಡಿಯೋ ಇದ್ದಲ್ಲಿ ಮೊಬೈಲಿನ ಅಂಗಡಿ ಇದೆ. ಕಾಕು ಹೋಗಿ ಬಹಳ ವರ್ಷವಾಯಿತು. ಹಿಂದಿನ ಮನೆಯಲ್ಲಿ ಕಾಕಾನ ತಮ್ಮನ ಮಕ್ಕಳಿದ್ದಾರೆ.

ಎಪ್ಪತ್ತರ ಹತ್ತಿರದ ಅಕ್ಕ ಪಲ್ಯ ಹೆಚ್ಚುತ್ತ ಕೂತು, ನಾನು ವೈರು ಜೋಡಿಸುವುದನ್ನು ನೋಡಿ, "ಇನ್ನೂ ಬುದ್ಧಿ ಬರಲಿಲ್ಲ ಇವಗ" ಎಂದು ಒಳಗೆ ಹೋದಳು. ಕ್ಯಾಸೆಟ್ಟು ಹಾಕಿದೆ. ಕಿರ್ರೆಂದು ಕೂಗಿತು. ಎರಡು ಸಲ ಅರ್ಧಕ್ಕೆ ಕೈಕೊಟ್ಟಿತು. ಮೂರನೆಯ ಸಲಕ್ಕೆ ಪ್ರೋಗ್ರಾಮು ಬಂತು. ಕ್ಯಾಸೆಟ್ಟು ಮುಂದಕ್ಕೆ ಓಡಿಸಿ ಚಿತ್ರ ಕರೆದೆ. ಮೇಲಿನಿಂದ ಗೆರೆ ಗೆರೆಯಾಗಿ ಇಳಿಯಿತು, ಬಿಳಿ ಕೂದಲು, ಕಪ್ಪು ಹಣೆ, ಕಪ್ಪು ಕೆನ್ನೆ. ಕಾಕಾ ಬಿಟ್ಟು ಹೋದ ಹಾಗೇ, ಏಳನೆಯ ಐತವಾರದ ಸಂಜೆಯ ಹಾಗೇ. ತಿರುವುವ ಕೀಲಿ ಒತ್ತಿದೆ. ಅವ್ವ ಕಣ್ಣು ಮುಚ್ಚಿ ಕೂತಿದ್ದಳು.

ಆ ಕೆಲಸವನ್ನು ಹತ್ತಿರದಿಂದ ನೋಡಿದೆ. ನಡುಗುವ ಕೈಯ ಒಂದು ಗುರುತೂ ಎಲ್ಲೂ ಇರಲಿಲ್ಲ.

ಕಣ್ಣಿನ ಭಾಗ ದೊಡ್ಡದು ಮಾಡಿಕೊಂಡು ಕೂತೆ. ಎದುರಿಗೆ ಯಾರನ್ನು ಕೂಡಿಸಲಿ? ಅವ್ವ ನೋಡುತ್ತಿದ್ದವನು ನಾನು, ಕೀಲಿ ಒತ್ತುವವನೂ ನಾನು. ಹಾಗಾಗಿ ಆ ಹಳೆಯ ಸ್ಟೂಲಿನ ಮೇಲೆ ಮತ್ತೆ ಹೋಗಿ ಕೂತಂತೆ ನೆನೆಸಿಕೊಂಡೆ. ಮಧ್ಯಾಹ್ನದ ಬಿಸಿಲು, ಕೆಳಗಿನ ರೇಡಿಯೋ. ನನ್ನನ್ನು ಯಾರೋ ಬಿಡದೆ ನೋಡುತ್ತಿದ್ದಾರೆ, ಹಾಗೆ ನೋಡಿಸಿಕೊಳ್ಳುವುದು ಹೇಗಿತ್ತು, ಅದನ್ನೇ ಹಿಡಿದು ಚುಕ್ಕಿ ಇಟ್ಟೆ. ಇಟ್ಟೆ, ಅಳಿಸಿದೆ, ಇಟ್ಟೆ. ಒಂದು ಕಣ್ಣಿಗೆ ಎಷ್ಟು ಚುಕ್ಕಿಯಪ್ಪಾ, ಮೂವತ್ತೋ ನಲವತ್ತೋ. ಅಕ್ಕ ಊಟಕ್ಕೆ ಎರಡು ಸಲ ಕರೆದಳು. ಏಳಲಿಲ್ಲ, ಮಾತೂ ಆಡಲಿಲ್ಲ. ಮುಗಿದ ಮೇಲೆ ಬಾಗಿಲ ತನಕ ಹಿಂದೆ ಸರಿದು ನೋಡಿದೆ.

ಅವ್ವ ನೋಡುತ್ತಿದ್ದಳು. ದೇವರಾಣೆಗೂ ನನ್ನನ್ನೇ ನೋಡುತ್ತಿದ್ದಳು. ಅಕ್ಕನನ್ನು ಕೂಗಿದೆ.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ನಿಂತಳು. ಪರದೆಯನ್ನು ದಿಟ್ಟಿಸಿ ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಇವು ಅವ್ವನ ಕಣ್ಣಲ್ಲೋ ತಮ್ಮಾ. ಅವ್ವನ ಎರಡೂ ಕಣ್ಣ ಒಂದ ಸಮ ಇದ್ವು, ದೊಡ್ಡವ. ಇಲ್ಲಿ ಎಡಗಣ್ಣ ಸಣ್ಣ ಮಾಡೀದಿ ನೋಡು..." ಮಾತು ಅಲ್ಲಿಗೇ ನಿಲ್ಲಿಸಿ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದಳು. "ಅಯ್ಯ ನಮ್ಮಪ್ಪಾ... ಇವು ಫೋಟೋ ಕಾಕಾನ ಕಣ್ಣಲ್ಲೇನೋ?"

ಹೌದು, ಅವೇ. ನನಗೆ ಇನ್ಯಾವುದು ಗೊತ್ತಿತ್ತು? ನಾನು ನೆನಪಿಟ್ಟುಕೊಂಡ ನೋಟ ಅದೊಂದೇ. ಅಕ್ಕನಿಗೆ ಆಕಾರ ನೆನಪಿದೆ, ಆದರೆ ಅವ್ವನ ನೋಟವನ್ನು ಪರದೆಯ ಮೇಲೆ ಬಿಡಿಸಿ ನೋಡಿದವರು ಒಬ್ಬರೇ ಇದ್ದರು, ಅವರನ್ನು ನಾನು ಮೆಟ್ಟಿಲ ಮೇಲೆ ಕಾಯಿಸಿದೆ. ಅವ್ವನ ಕಣ್ಣು ಇನ್ನು ಸಿಗುವುದಿಲ್ಲ ಎಂದು ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಗಟ್ಟಿಯಾಗಿ ಗೊತ್ತಾಯಿತು, ಅಕ್ಕನ ಮುಂದೆಯೇ ಅತ್ತುಬಿಟ್ಟೆ. ಸಮಾಧಾನವಾದ ಮೇಲೆ ಟಿವಿಯ ಮುಂದೆ ಹೋಗಿ ಕೂತು, ಅಳಿಸುವ ಕೀಲಿಯ ಮೇಲೆ ಬೆರಳಿಟ್ಟು, "ಅಳಸ್ಲೇನಕ್ಕ?" ಎಂದು ಕೇಳಿದೆ.

ಅಕ್ಕ ನನ್ನ ಕೈ ಹಿಡಿದಳು. ಸ್ಟುಡಿಯೋದ ಹಿಂದಿನ ಮನೆಯ ಗೋಡೆಯ ಮೇಲೆ ಈಗಲೂ ತೂಗುತ್ತಿರುವ, ಕಾಕಾ ಕಣ್ಣು ಮುಚ್ಚಿದ ಆ ಮದುವೆಯ ಫೋಟೋವನ್ನು ಅವಳು ಹಬ್ಬಕ್ಕೊಮ್ಮೆಯಾದರೂ ನೋಡುವವಳು.

"ಬ್ಯಾಡ, ಬಿಡು. ಎಷ್ಟ ವರ್ಷದಿಂದ ಕಣ್ಣ ಮುಚ್ಕೊಂಡ ಕುಂತಾರ ಪಾಪ ಕಾಕಾ. ನೋಡ್ಲಿ."

ನಾನು ಕ್ಯಾಸೆಟ್ಟು ತಿರುಗಿಸಿ ಹಾಕಿದೆ. ಈ ಸಲ ಎದ್ದೇಳುವ ಮೊದಲೇ ತುಂಬುವ ಗುಂಡಿ ಒತ್ತಿದೆ. ಕಿರ್ರೆನ್ನುವ ಸದ್ದಿಗೆ ಅಕ್ಕ ಕಿವಿ ಮುಚ್ಚಿಕೊಂಡಳು. ಅದು ಪೂರಾ ನಿಲ್ಲುವ ತನಕ ನಾವಿಬ್ಬರೂ ಟಿವಿಯ ಮುಂದಿನಿಂದ ಅಲ್ಲಾಡಲಿಲ್ಲ.